ಖಂಡೆಪ್ಪನ ಫೈಲಿನೊಳಗಿನ ಎತ್ತು

ಖಂಡೆಪ್ಪ ತನ್ನ ಜೀವಮಾನದಲ್ಲಿ ಒಂದು ತಪ್ಪನ್ನೂ ತಿದ್ದಿದವನಲ್ಲ. ಮುಚ್ಚಿದವನು.

ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಮನೆ. ಮನೆಗೆ ಹತ್ತಿಕೊಂಡೇ ಒಂದು ಖೋಲಿಯಲ್ಲಿ ಅಂಗಡಿ. ಮೊಳೆ ಹೊಡೆಯಲು ಹೋಗಿ ಅಂಗಡಿಯ ಗೋಡೆಯಲ್ಲಿ ತೆಂಗಿನಕಾಯಿ ಹಿಡಿಸುವಷ್ಟು ತೂತು ಮಾಡಿದ. ಸಿಮೆಂಟು ತರುವುದು ಬಿಟ್ಟು ಕ್ಯಾಲೆಂಡರ್ ತಂದ. ಅದು ಸಣ್ಣದಾಯಿತು. ಪಕ್ಕಕ್ಕೆ ಹಳೆಯದೊಂದನ್ನು ತೂಗುಹಾಕಿದ. ವರ್ಷ ಮುಗಿದರೂ ತೆಗೆಯುವಂತಿಲ್ಲ, ತೆಗೆದರೆ ತೂತು ಕಾಣುತ್ತದೆ. ಗಿರಾಕಿ ತಾರೀಖು ನೋಡಲು ಹೋಗಿ ತಬ್ಬಿಬ್ಬಾದರೆ ಖಂಡೆಪ್ಪ ಕೇಳುತ್ತಿದ್ದ: "ನಿಮಗ ಯಾವ ವರ್ಷ ಬೇಕ್ರಿ?"

ಹೆಂಡತಿ ಸುವರ್ಣಾಳ ಹೊಸ ಸೀರೆಯ ಮೇಲೆ ಬಿಸಿ ಇಸ್ತ್ರಿ ಇಟ್ಟು ಮರೆತ. ಸೀರೆ ಸುಟ್ಟಿತು. ಮರುದಿನ ಸುಟ್ಟ ಜಾಗದ ಮೇಲೆ ನವಿಲು ಹೊಲಿದುಕೊಟ್ಟ. ಓಣಿಯ ಹೆಂಗಸರು ಬಾಯಿ ತುಂಬ ಹೊಗಳಿದರು.

"ಎಂಥಾ ನವಿಲು ಹಾಕ್ಯಾರ ನಿಮ್ಮ ಮನಿಯವರು, ಸುವರ್ಣಾ!"

"ಹ್ಞೂಂ. ಅದರ ಹೊಟ್ಯಾಗ ಇಸ್ತ್ರಿ ಐತಿ" ಎಂದಳು ಸುವರ್ಣಾ.

ಸುವರ್ಣಾ ಓದಿದ್ದು ನಾಲ್ಕನೆಯ ತರಗತಿ. ಮಾತು ಕಡಿಮೆ, ಆಡಿದರೆ ಕೊಡಲಿ ಪೆಟ್ಟು. ಗಂಡ ಮುಚ್ಚುವುದು, ಹೆಂಡತಿ ಬಿಚ್ಚುವುದು, ಸಂಸಾರ ಹೀಗೇ ನಡೆದಿತ್ತು. ಅವನು ಮುಚ್ಚಿದ್ದೆಲ್ಲ ತನಗೆ ಗೊತ್ತು ಎಂದೇ ಆಕೆ ತಿಳಿದಿದ್ದಳು.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ಚಹಾ ಕುಡಿಯುತ್ತ ಖಂಡೆಪ್ಪ ಎದೆ ಹಿಡಿದುಕೊಂಡ. "ಏನಿಲ್ಲ, ಗ್ಯಾಸ್" ಎಂದ. ಅವನು ಮುಚ್ಚಿದ ಕಡೆಯ ಸಂಗತಿ ಅದು.

ಅಂಗಡಿಯಲ್ಲಿ ಉಳಿದದ್ದು ಕಂಪ್ಯೂಟರ್ ಕಸೂತಿಯ ಮಷೀನು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಅದಕ್ಕೆ ಕಳಿಸಿದರೆ ತಾನೇ ಹೊಲಿಯುತ್ತದೆ. ದಾರ ಬದಲಿಸುವಾಗ ನಿಂತು ಕೂಗುತ್ತದೆ. ಚಿತ್ರ ಬಿಡಿಸುವುದು ಖಂಡೆಪ್ಪನ ಕೆಲಸವಾಗಿತ್ತು. ದಾರ ಬದಲಿಸುವುದು, ಎಳೆ ಕತ್ತರಿಸುವುದು, ಎಣ್ಣೆ ಬಿಡುವುದು, ಮಷೀನಿಗೆ ಬಯ್ಯುವುದು ಸುವರ್ಣಾಳದು. ಗಂಡ ಹೋದ ಮೇಲೆ ಆಕೆ ಬೇರೆಯವರು ಮಾಡಿದ ಸಿದ್ಧ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತಂದು ಬ್ಲೌಸಿನ ಬೆನ್ನಿಗೆ ಮಾವಿನಕಾಯಿ, ತೋಳಿಗೆ ಬಳ್ಳಿ ಹೊಲಿದು ದಿನ ದೂಡಿದಳು.

ಮೈದುನ ರೇವಪ್ಪನಿಗೆ ಆ ಖೋಲಿಯ ಮೇಲೆ ಕಣ್ಣು. ಅವನು ಕೈಗಾಡಿಯಲ್ಲಿ ಮೊಬೈಲಿನ ಕವರು ಮಾರುತ್ತಾನೆ. ಬಿಸಿಲಿಗೆ ಕವರು ಮೆತ್ತಗಾಗುತ್ತವೆ, ಅವನೂ ಮೆತ್ತಗಾಗುತ್ತಾನೆ. ಖೋಲಿ ಇಬ್ಬರೂ ಅಣ್ಣತಮ್ಮಂದಿರ ಪಾಲಿನದು. ಕೆಟ್ಟವನಲ್ಲ. ಆದರೆ ನೆರಳು ಬೇಕು ಅವನಿಗೆ.

"ವೈನಿ, ಮಾವಿನಕಾಯಿ ಯಾರು ಬೇಕಾದ್ರೂ ಹೊಲೀತಾರ್ರಿ. ಅಣ್ಣ ಮಾಡೂ ಕೆಲಸ ಬ್ಯಾರೆ ಇತ್ತು. ಮಷೀನ್ ಕೊಟ್ಟುಬಿಡೂಣು. ತೊಗೊಳ್ಳಾಕ ಮುದ್ದೇಬಿಹಾಳದಾಗ ಒಬ್ಬಾಂವ ಅದಾನ."

"ಅವರ ಕೆಲಸ ನಾ ಮಾಡಿದ್ರ?"

"ಮಾಡ್ರಿ. ಕಾರಹುಣ್ಣಿಮಿ ತನಕ ನೋಡೂಣು. ಅಣ್ಣನ ಝೂಲ ಹೊಲದು ತೋರಸ್ರಿ, ನಾ ಖೋಲಿ ಹೆಸರ ಎತ್ತಂಗಿಲ್ಲ."

"ಆತು" ಎಂದಳು ಸುವರ್ಣಾ. ಎಂದ ಮೇಲೆ ಹೆದರಿಕೆ ಬಂತು. ಅದನ್ನು ತೋರಿಸಲಿಲ್ಲ.

ಝೂಲ ಎಂದರೆ ಎತ್ತಿನ ಬೆನ್ನ ಮೇಲೆ ಹೊದಿಸುವ ಬಟ್ಟೆ. ಕಾರಹುಣ್ಣಿಮೆಯ ಸಂಜೆ ಎತ್ತುಗಳಿಗೆ ಬಣ್ಣ ಬಳಿದು, ಕೊಂಬಿಗೆ ಗೊಂಡೆ ಕಟ್ಟಿ, ಝೂಲ ಹೊದಿಸಿ, ಊರ ಅಗಸೆಬಾಗಿಲಲ್ಲಿ ಕರಿ ಹರಿಸುತ್ತಾರೆ, ಎಂದರೆ ಓಡಲು ಬಿಡುತ್ತಾರೆ. ಮುಂದೆ ಓಡಿ ಬಂದದ್ದು ಬಿಳಿ ಎತ್ತಾದರೆ ಆ ವರ್ಷ ಜೋಳ ಚೆನ್ನ, ಕೆಂದೆತ್ತಾದರೆ ಕೆಂಪು ಬೆಳೆ ಚೆನ್ನ. ಖಂಡೆಪ್ಪ ಕೆಂಪು ಮಖಮಲ್ಲಿನ ಮೇಲೆ ಬಿಳಿ ಎತ್ತು ಹೊಲಿದಿದ್ದ. ಎತ್ತಿನ ಹೊಟ್ಟೆಯ ಕೆಳಗೆ, ಮುಂಗಾಲು ಹಿಂಗಾಲುಗಳ ನಡುವೆ, ಒಂದು ಜೋಳದ ದಂಟು. ತೆನೆ ಹೊಟ್ಟೆಗೆ ಮುಟ್ಟಿ ನಿಂತಿತ್ತು. ದೇವಣಗಾಂವದಿಂದ ಇಂಡಿಯ ತನಕ ಅದರದೇ ಮಾತು.

"ಬಿಳಿ ಎತ್ತು, ಬಿಳಿ ಜ್ವಾಳ! ಎಷ್ಟು ವಿಚಾರ ಮಾಡಿ ಹಾಕ್ಯಾನ ನೋಡು ಮನುಷ್ಯಾ!"

ಖಂಡೆಪ್ಪ ಆ ಹೊಗಳಿಕೆ ಕೇಳಿ ತಲೆ ತಗ್ಗಿಸುತ್ತಿದ್ದ. ವಿನಯ ಎಂದು ಮಂದಿ ತಿಳಿದರು. ಸುವರ್ಣಾಳೂ ಹಾಗೇ ತಿಳಿದಳು. ಆಶ್ಚರ್ಯವೂ ಪಟ್ಟಳು, ಏಕೆಂದರೆ ಹೊಗಳಿದರೆ ತಲೆ ತಗ್ಗಿಸುವ ಗಂಡಸಲ್ಲ ಅವನು.

ಆ ಝೂಲ ಹೊಲಿಸಿಕೊಂಡವರು ದೇವಣಗಾಂವದ ಬಸವಂತರಾಯ ಗೌಡರು. ಬೇಸಿಗೆ ಮುಗಿಯುವ ಹೊತ್ತಿಗೆ ಅವರೇ ಚೀಲ ಹಿಡಿದುಕೊಂಡು ಬಂದರು. ಜೋಡೆತ್ತಿಗೆ ಜೋಡಿ ಝೂಲ ಇದ್ದವು. ಈಗ ಚೀಲದಲ್ಲಿ ಒಂದು ಇತ್ತು, ಇನ್ನೊಂದರ ಅಂಚು ಮಾತ್ರ ಇತ್ತು.

"ಏನಾತ್ರಿ ಗೌಡ್ರ ಇದಕ್ಕ?"

"ಆಕಳ ಕರ ತಿಂದೈತಿ."

"ಕರ ಮಖಮಲ್ ತಿಂತೈತೇನ್ರಿ?"

"ಗೌಡರ ಮನಿ ಕರ ಅಲ್ಲವಾ! ಬರೇ ಹುಲ್ಲು ತಿಂದ್ರ ಮರ್ಯಾದಿ ಹೋಗ್ತೈತಂತ ತಿಳಕೊಂಡೈತಿ." ಗೌಡರು ತಾವೇ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಇನ್ನೊಂದು ಇಂಥಾದ ಬೇಕು, ತಂಗೀ. ಥೇಟ್ ಇಂಥಾದ. ಒಂದಕ್ಕೊಂದು ಬ್ಯಾರೆ ಹಾಕಿ ಹೊರಗ ಬಿಟ್ರ, ಒಂದ ಕಾಲಾಗ ಬೂಟು ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡು ಬೀಗರ ಮನಿಗಿ ಹೋದಂಗ ಆಗ್ತೈತಿ. ಊರ ಮಂದಿ ವರ್ಷಾನಗಟ್ಟಲೆ ಆಡ್ಕೋತಾರ. ಖಂಡೆಪ್ಪ ಇದ್ದಿದ್ರ ನಾ ಕೇಳೂ ಹಂಗ ಇರಲಿಲ್ಲ. ನಿನ್ನ ಕಡೆ ಆಗ್ತೈತೇನು?"

ರೇವಪ್ಪ ಬಾಗಿಲಲ್ಲೇ ಕವರು ಹಿಡಿದು ನಿಂತಿದ್ದ.

"ಆಗ್ತೈತ್ರಿ" ಎಂದಳು ಸುವರ್ಣಾ.

ಆಗುವ ಹಾಗಿರಲಿಲ್ಲ. ಮಷೀನಿನ ಹೊಟ್ಟೆಯಲ್ಲಿ ಜಾಗ ಕಡಿಮೆ, ಹೊಸ ಚಿತ್ರ ತುಂಬಿದರೆ ಹಳೆಯದು ತಾನೇ ಹೋಗುತ್ತದೆ. ಎತ್ತಿನ ಮೇಲೆ ಎಷ್ಟೋ ಮಾವಿನಕಾಯಿ ಬಂದು ಹೋಗಿದ್ದವು. ಖಂಡೆಪ್ಪನ ಕಂಪ್ಯೂಟರು ಅಕಾಲದ ಗುಡುಗಿಗೆ ಸುಟ್ಟಿತ್ತು. ಚಿತ್ರ ಬಿಡಿಸುವ ಪ್ರೋಗ್ರಾಂ ಅದರೊಂದಿಗೇ ಹೋಯಿತು. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಉಳಿದದ್ದು ಒಂದು ಪೆನ್‌ಡ್ರೈವ್. ಅದರಲ್ಲಿ ಖಂಡೆಪ್ಪ ಬಿಡಿಸಿದ ಎಲ್ಲ ಚಿತ್ರಗಳ ಫೈಲುಗಳೂ ಇದ್ದವು. ಆದರೆ ಅವು ಆ ಸತ್ತ ಪ್ರೋಗ್ರಾಮಿನ ಫೈಲುಗಳು. ಮಷೀನಿಗೆ ಹಾಕಿದರೆ ಮಷೀನು ಒಂದನ್ನೂ ಗುರುತು ಹಿಡಿಯಲಿಲ್ಲ, ಖಾಲಿ ಪೆನ್‌ಡ್ರೈವ್ ಎಂದಿತು.

ಸುವರ್ಣಾ ಆ ಪೆನ್‌ಡ್ರೈವನ್ನು ಒಗ್ಗರಣೆ ಡಬ್ಬಿಯಲ್ಲಿ ಇಟ್ಟಿದ್ದಳು, ಜೀರಿಗೆಯ ಬಟ್ಟಲಲ್ಲಿ. ಕಳ್ಳರು ಬಂದರೆ ಟ್ರಂಕು ನೋಡುತ್ತಾರೆ, ಜೀರಿಗೆ ನೋಡುವುದಿಲ್ಲ ಎಂಬುದು ಆಕೆಯ ಲೆಕ್ಕ.

ಮೊದಲು ಸಿಂದಗಿಗೆ ಹೋದಳು. ಮಷೀನು ಕೊಡಿಸಿದ ಸಂಗಮೇಶನ ಕಂಪ್ಯೂಟರ್ ಅಂಗಡಿ ಅಲ್ಲಿದೆ. ಸಂಗಮೇಶ ಫೈಲು ನೋಡಿದ. ಎರಡು ಸಲ ತಲೆ ಕೆರೆದುಕೊಂಡ.

"ಇದಕ್ಕೇನು ದೊಡ್ಡ ವಿದ್ಯಾ ಬೇಕ್ರಿ ಅಕ್ಕಾರ? ಫೈಲಿನ ಹೆಸರಿಗಿ ಹಿಂದ ಒಂದು ಬಾಲ ಇರ್ತೈತಿ. ಮಷೀನು ಆ ಬಾಲ ನೋಡಿ ಗುರ್ತ ಹಿಡೀತೈತಿ. ಈ ಬಾಲ ತಗದು ಮಷೀನಿನ ಬಾಲ ಹಚ್ಚಿದ್ರ ಆತು."

ಹೆಸರಿನ ಕೊನೆಯ ಮೂರು ಅಕ್ಷರ ಅಳಿಸಿ ಬೇರೆ ಮೂರು ಬರೆದ. "ಆತು ನೋಡ್ರಿ. ಇನ್ನ ಓಡ್ತೈತಿ."

ಮನೆಗೆ ಬಂದು ಸುವರ್ಣಾ ಮಷೀನಿಗೆ ಹಚ್ಚಿದಳು. ಹೊಲಿದು ನೋಡಲು ಬೇರೆ ಬಟ್ಟೆ ಇರಲಿಲ್ಲ. ಟ್ರಂಕಿನಿಂದ ಖಂಡೆಪ್ಪನ ಹಳೆಯ ಧೋತರ ತೆಗೆದಳು. ಶ್ರಾವಣದಿಂದ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಒಂದು ಮೂಲೆಯನ್ನು ಚೌಕಟ್ಟಿಗೆ ಬಿಗಿದಳು.

ಮಷೀನು ಈ ಸಲ ಫೈಲಿನ ಗುರುತು ಹಿಡಿಯಿತು. ಓಡಿತು ಕೂಡ. ಒಂದೇ ಜಾಗದಲ್ಲಿ ಕುಕ್ಕಿತು, ಕುಕ್ಕಿತು, ಸಿಟ್ಟಿಗೆದ್ದ ಕೋಳಿಯ ಹಾಗೆ ಕುಕ್ಕಿತು. ಒಮ್ಮೆಲೆ ಅಡ್ಡ ಹಾರಿ ಅಲ್ಲಿಯೂ ಕುಕ್ಕಿತು. ಕೊನೆಗೆ ಸೂಜಿ ಮುರಿದು ಎಲ್ಲಿಗೋ ಹಾರಿತು. ಧೋತರದ ಮೇಲೆ ಗೀಜಗನ ಗೂಡು ಬಿದ್ದಿತ್ತು.

ರೇವಪ್ಪ ಇಣುಕಿದ. "ಎತ್ತು ಎಲ್ಲೈತ್ರಿ ವೈನಿ?"

"ಗೂಡಿನ್ಯಾಗ ಐತಿ. ತತ್ತಿ ಇಡಾಕತ್ತೈತಿ."

ಸಂಗಮೇಶನಿಗೆ ಫೋನು ಮಾಡಿದಳು. "ಎಮ್ಮಿ ಬಾಲ ಕೊಯ್ದು ಎತ್ತಿನ ಬಾಲ ಕಟ್ಟಿದ್ರ ಅದು ಹೊಲದಾಗ ಗಳೇ ಹೊಡೀತೈತೇನೋ ತಮ್ಮಾ?"

ಅವನು "ನೆಟವರ್ಕ್ ಇಲ್ರಿ ಅಕ್ಕಾರ" ಎಂದು ಇಟ್ಟುಬಿಟ್ಟ.

ಮಗ್ಗುಲಲ್ಲಿ ಕಾಸಿಂಸಾಬನ ಟೇಲರ್ ಅಂಗಡಿ. ಖಂಡೆಪ್ಪ ಹೊಲಿದ ಝೂಲಗಳಿಗೆ ಒಳಗಿನ ಅಸ್ತರ ಹಚ್ಚುತ್ತಿದ್ದವನು ಅವನೇ. ಗೀಜಗನ ಗೂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ತಂಗೀ, ನಮ್ಮ ಮುಬಿನಗ ಕೇಳ್ಲಾ? ಮಾಳಗಿ ಮ್ಯಾಲ ಕುಂತು ದಿನಾ ಇದನ್ನ ಮಾಡ್ತಾಳಕಿ. ಯಾವ್ದೋ ಕಂಪನಿಯವರು ಹಳೇ ಫೈಲ್ ಕಳಸ್ತಾರ, ಈಕಿ ಓದಿ ಹೊಸಾದು ಮಾಡಿ ಕೊಡ್ತಾಳ. ನನಗ ತಿಳಿಯಂಗಿಲ್ಲ. 'ಕ್ಯಾ ಕರತೀ ಬೇಟಿ' ಅಂದ್ರ 'ಅಬ್ಬಾ, ಅಸ್ತರ ಬಿಚ್ಚೂ ಕೆಲಸ' ಅಂತಾಳ."

ಮುಬಿನ ಕಂಪ್ಯೂಟರ್ ಓದಿದ ಹುಡುಗಿ. ಊರಲ್ಲೇ ಕುಳಿತು ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ, ಏಕೆಂದರೆ ಮಾಳಿಗೆಯ ಮೇಲೆ ನೆಟವರ್ಕ್ ಚೆನ್ನಾಗಿ ಬರುತ್ತದೆ, ಕೆಳಗೆ ಅಮ್ಮ ಬಿಸಿ ರೊಟ್ಟಿ ಬಡಿಯುತ್ತಾಳೆ. ಎರಡೂ ಒಂದೇ ಕಡೆ ಇನ್ನೆಲ್ಲಿ ಸಿಗಬೇಕು? ಪೆನ್‌ಡ್ರೈವ್ ಕೈಗೆ ತೆಗೆದುಕೊಂಡವಳು ಮೂಸಿದಳು.

"ಕಾಕೂ, ಇದು ಜೀರಗಿ ವಾಸನಿ ಹೊಡ್ಯಾಕತ್ತೈತಿ."

"ಮ್ಯಾಲ ಒಗ್ಗರಣಿ. ಒಳಗ ನಿಮ್ಮ ಕಾಕಾ ಅದಾರ. ನೋಡು."

ಮುಬಿನ ಫೈಲು ತೆರೆದಳು. ಪರದೆಯ ತುಂಬ ಅಂಕಿಗಳು, ಸಾಲಿನ ಮೇಲೆ ಸಾಲು. ಸುವರ್ಣಾ ಹತ್ತಿರ ಬಗ್ಗಿ ನೋಡಿದಳು. ಎತ್ತಿನ ಒಂದು ಕೂದಲೂ ಕಾಣಲಿಲ್ಲ.

"ಇದರಾಗ ಎತ್ತು ಐತಂತಿಯಾ?"

"ಐತಿ ಕಾಕೂ. ಸೂಜಿ ಎಲ್ಲಿಂದ ಎಲ್ಲಿಗಿ ಹೋಗ್ಬೇಕು ಅನ್ನೂದನ್ನ ಅಂಕಿಲೆ ಬರದಾರ. ಯಾವ ಅಂಕಿ ಅಡ್ಡ, ಯಾವ್ದು ಉದ್ದ, ಯಾವ್ದು ಬಣ್ಣ, ಅದಷ್ಟ ಗೊತ್ತಾಗ್ಬೇಕು. ಹೇಳಾಕ ಆ ಪ್ರೋಗ್ರಾಂ ಬರದವರು ಯಾರೂ ಇಲ್ಲ. ನಾವ ಹುಡುಕಬೇಕು. ಹೊಲದಿದ್ದು ಒಂದು ಐತಲ್ಲ, ಅದನ್ನ ಇಡ್ರಿ ಇಲ್ಲಿ."

ಗೌಡರ ಉಳಿದ ಝೂಲ ಮಾಳಿಗೆಗೆ ಬಂತು. ಕಾಸಿಂಸಾಬ ಟೇಪು ಹಿಡಿದು ಕೊಂಬಿನಿಂದ ಬಾಲದ ತನಕ ಅಳೆದ, ಬೆನ್ನಿನಿಂದ ಗೊರಸಿನ ತನಕ ಅಳೆದ. ಮುಬಿನ ಆ ಅಳತೆಗೆ ಹೊಂದುವ ಅಂಕಿಗಳನ್ನು ಫೈಲಿನಲ್ಲಿ ಹುಡುಕಿದಳು. ಅಡ್ಡ ಯಾವುದು, ಉದ್ದ ಯಾವುದು ಎಂದು ಊಹಿಸಿ ಒಂದು ಪ್ರೋಗ್ರಾಂ ಬರೆದು ಓಡಿಸಿದಳು. ಪರದೆಯ ಮೇಲೆ ರಾಶಿಯ ಕಣದಲ್ಲಿ ಜೋಳ ಚೆಲ್ಲಿದ ಹಾಗೆ ಚುಕ್ಕಿ ಬಿದ್ದವು.

"ಇದೇನು, ತೆನಿ ಒಡದೈತಲ್ಲ" ಎಂದಳು ಸುವರ್ಣಾ.

ಮುಬಿನ ಬೆರಳು ಕಚ್ಚಿಕೊಂಡು ಕುಳಿತಳು. ಆಮೇಲೆ ತಾನೇ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಒಂದೊಂದು ಅಂಕೀನೂ ಎರಡ ತುಂಡು ಮಾಡಿ ಬರದಾರ. ಸಣ್ಣ ತುಂಡು ಮೊದಲು, ದೊಡ್ಡ ತುಂಡು ಆಮ್ಯಾಲ. ನಾ ಉಲ್ಟಾ ಓದೇನಿ."

"ಯಾರರ ಹಂಗ ಎಣಸ್ತಾರೇನು?"

"ನಾವ ಎಣಸ್ತೇವಲ್ಲ" ಎಂದ ಕಾಸಿಂಸಾಬ. "ಇಪ್ಪತ್ತೊಂದಕ್ಕ ಇಕ್ಕೀಸ್. ಮೊದಲು ಒಂದು, ಆಮ್ಯಾಲ ಇಪ್ಪತ್ತು. ಬಾಯೀಸ್. ಮೊದಲು ಎರಡು, ಆಮ್ಯಾಲ ಇಪ್ಪತ್ತು. ಈ ಫೈಲು ನಮ್ಮ ಮಂದಿದ ಐತಿ ತಂಗೀ."

ಮುಬಿನ ತುಂಡುಗಳನ್ನು ಅದಲು ಬದಲು ಮಾಡಿದಳು. ಚುಕ್ಕಿಗಳು ಸರಿದಾಡಿದವು. ಕೊಂಬು ಬಂತು, ಬೆನ್ನ ಮೇಲಿನ ಇಣಿ ಬಂತು, ಬಾಲ ಬಂತು. ಅಂಚು ಮಾತ್ರ, ಒಳಗೆ ಇನ್ನೂ ತುಂಬಿರಲಿಲ್ಲ. ಆದರೂ ಎತ್ತೇ. ಸುವರ್ಣಾ ಸೆರಗಿನಿಂದ ಪರದೆಯ ಧೂಳು ಒರೆಸಿದಳು. ಧೂಳು ಇರಲಿಲ್ಲ.

ಮರುದಿನ ಧೋತರದ ಎರಡನೆಯ ಮೂಲೆ ಚೌಕಟ್ಟಿಗೆ ಏರಿತು. ಬರೀ ಅಂಚು ಹೊಲಿದು ನೋಡೋಣ ಎಂದಿದ್ದಳು ಮುಬಿನ. ಮಷೀನು ಈ ಸಲ ಕುಕ್ಕಲಿಲ್ಲ, ಹದವಾಗಿ ಓಡಿತು. ಆ ಸದ್ದು ಸುವರ್ಣಾಳಿಗೆ ಗುರುತಿತ್ತು. ಖಂಡೆಪ್ಪನ ಚಿತ್ರ ಓಡುವಾಗ ಮಷೀನು ನಡುನಡುವೆ ಉಸಿರು ತೆಗೆದುಕೊಳ್ಳುತ್ತದೆ, ಎಲೆ ಅಡಿಕೆ ಜಗಿಯುತ್ತ ಹೊಲಿದ ಹಾಗೆ. ಕಣ್ಣು ಮುಚ್ಚಿ ನಿಂತಳು. ಕಣ್ಣು ತೆರೆದಾಗ ಎತ್ತು ಅಂಗಾತ ಬಿದ್ದಿತ್ತು. ಕಾಲು ನಾಲ್ಕೂ ಆಕಾಶಕ್ಕೆ.

ಕಾಸಿಂಸಾಬ ಕನ್ನಡಕ ಏರಿಸಿದ. "ಮಲಗೇತಿ. ಬಿಸಲು ಭಾಳ ಐತಲ್ಲ."

ರೇವಪ್ಪ ಬಂದ. "ಅದಕ್ಕ ಏನಾಗೇತ್ರಿ ವೈನಿ? ಸತ್ತೈತೇನು?"

"ನೀ ಖೋಲಿ ಕೇಳಿದ್ದು ಕೇಳಿ ಎದಿ ಒಡದೈತಿ."

ಮುಬಿನ ನಕ್ಕು ನಕ್ಕು ಕುಸಿದಳು. ಕಂಪ್ಯೂಟರಿನ ಪರದೆ ಮೇಲಿನಿಂದ ಕೆಳಗೆ ಎಣಿಸುತ್ತದೆ, ಮಷೀನು ಕೆಳಗಿನಿಂದ ಮೇಲೆ ಎಣಿಸುತ್ತದೆ, ಅದಕ್ಕೇ ಅಲ್ಲಿ ನಿಂತದ್ದು ಇಲ್ಲಿ ಬಿತ್ತು ಎಂದಳು. ಸಂಜೆಯೊಳಗೆ ಎತ್ತನ್ನು ಎಬ್ಬಿಸಿ ನಿಲ್ಲಿಸಿದಳು. ಬಣ್ಣಗಳ ಅಂಕಿಯೂ ಸಿಕ್ಕಿತು. ಫೈಲಿನಲ್ಲಿ ಎತ್ತು ತುಂಡು ತುಂಡಾಗಿ ಇತ್ತು, ಕೊಂಬು ಒಂದು, ಬೆನ್ನು ಒಂದು, ದಂಟು ಒಂದು. ಒಂದೊಂದನ್ನೂ ಓದಿ, ಒಳಗೆ ದಾರ ತುಂಬಿ, ಸಾಲಾಗಿ ಜೋಡಿಸಿದಳು.

ಈಗ ಪೂರ್ತಿ ಹೊಲಿದು ನೋಡುವುದೊಂದೇ ಬಾಕಿ. ಹುಣ್ಣಿಮೆ ಹತ್ತಿರ ಬಂದಿತ್ತು. ಧೋತರದ ನಡುಭಾಗ ಚೌಕಟ್ಟಿಗೆ ಬಿಗಿದರು. ಮಷೀನು ಮೊದಲ ಬಣ್ಣ ಕೇಳಿತು. ಸುವರ್ಣಾ ಬಿಳಿ ರೀಲು ಹಿಡಿದು ನಿಂತಿದ್ದಳು.

"ಹಸರು ಕಾಕೂ" ಎಂದಳು ಮುಬಿನ.

"ಝೂಲಕ್ಕ ದಾರ ಅವರ ಹಾಕ್ತಿದ್ರು, ನನ್ನ ಹತ್ತರ ಬಿಡ್ತಿರಲಿಲ್ಲ. ಆದ್ರ ಮೊದಲು ಬಿಳಿ ರೀಲು ಕೇಳ್ತಿದ್ರು. ಹಸರು ಕಟ್ಟಕಡೀಕ."

"ಯಾವ್ದು ಮೊದಲಾದ್ರೇನ್ರಿ? ಎಲ್ಲಾ ಹೊಲದ ಮ್ಯಾಲ ಒಂದ ಚಿತ್ರ ಅಲ್ಲ?"

ಸುವರ್ಣಾಳಿಗೂ ಹೌದು ಅನ್ನಿಸಿತು. ಪಲ್ಯ ಮೊದಲು ತಿಂದರೂ ರೊಟ್ಟಿ ಮೊದಲು ತಿಂದರೂ ಹೊಟ್ಟೆಯೊಳಗೆ ಒಂದೇ. ಹಸಿರು ಹಾಕಿದಳು. ದಂಟು ಎದ್ದಿತು. ಆಮೇಲೆ ಕಪ್ಪು, ಕಣ್ಣು ಮತ್ತು ಗೊರಸು. ಕಡೆಗೆ ಬಿಳಿ. ಮಷೀನು ಬೆನ್ನು ತುಂಬಿತು, ಇಣಿ ತುಂಬಿತು, ಹಿಂಗಾಲು ಎರಡು, ಮುಂಗಾಲು ಎರಡು. ಮುಗಿಯಿತು ಎಂದು ಸುವರ್ಣಾ ಕತ್ತರಿ ಎತ್ತಿಕೊಂಡಳು. ಮಷೀನು ನಿಲ್ಲಲಿಲ್ಲ. ಹೊಟ್ಟೆಯ ನಡುವಿಗೆ ಹೋಯಿತು, ಆಗಲೇ ಹೊಲಿದಿದ್ದ ಜೋಳದ ದಂಟಿನ ಮೇಲೆ ಹತ್ತಿತು, ಅಲ್ಲಿ ಇನ್ನೊಂದು ಕಾಲು ಹೊಲಿಯಿತು. ಆಮೇಲೆ ಸಮಾಧಾನದಿಂದ ನಿಂತಿತು.

ಕಾಸಿಂಸಾಬ ಬೆರಳಿನಿಂದ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಐದು."

"ನಾ ಹಾಕಿಲ್ಲ ಕಾಕೂ!" ಮುಬಿನಳ ಮುಖ ಬಿಳಿಚಿತು. "ಆಣಿ ಮಾಡಿ ಹೇಳ್ತೇನಿ. ಫೈಲಿನ್ಯಾಗ ಐತಿ. ಇದ್ದದ್ದನ್ನ ಓದೇನಿ."

ರೇವಪ್ಪ ಬಾಗಿಲಲ್ಲಿ ಬಂದು ನಿಂತ. ಈ ಸಲ ಹಾಸ್ಯ ಮಾಡಲಿಲ್ಲ. "ಆತ್ಲಾ ವೈನಿ. ಭಾಳ ತ್ರಾಸ ತೊಗೊಂಡ್ರಿ. ಗೌಡರಿಗಿ ಐದು ಕಾಲಿನ ಎತ್ತು ಕೊಡಾಕ ಬರಂಗಿಲ್ಲ. ಮುದ್ದೇಬಿಹಾಳದಾಂವಗ ನಾಳೆ ಬಾ ಅಂತೇನಿ." ಮೆಲ್ಲಗೇ ಹೇಳಿದ. ಅದೇ ಸುವರ್ಣಾಳಿಗೆ ಹೆಚ್ಚು ಚುಚ್ಚಿತು.

ಆಕೆ ಗೌಡರ ಹಳೆಯ ಝೂಲ ತೊಡೆಯ ಮೇಲೆ ಹಾಕಿಕೊಂಡಳು. ಅದರಲ್ಲಿ ಕಾಲು ನಾಲ್ಕೇ. ನಡುವೆ ದಂಟು. ದಂಟಿನ ಮೇಲೆ ಬೆರಳಾಡಿಸಿದಳು. ಉಬ್ಬಿತ್ತು. "ಏನು ಎತ್ತರಿಸಿ ಹೊಲದಾನ, ಮುಟ್ಟಿದ್ರ ಖರೇನ ದಂಟು" ಎಂದು ಮಂದಿ ಅನ್ನುತ್ತಿದ್ದ ದಂಟು. ಇನ್ನೊಮ್ಮೆ ಬೆರಳಾಡಿಸಿದಳು. ದಂಟಿಗೆ ಮೊಣಕಾಲು ಇತ್ತು.

"ಕಾಸಿಂಸಾಬಣ್ಣಾ, ಇದರ ಅಸ್ತರ ಬಿಚ್ಚು."

"ಗೌಡರ ಮಾಲು, ತಂಗೀ..."

"ಬಿಚ್ಚು ಅಂದೆ."

ಕಾಸಿಂಸಾಬ ತಾನೇ ಹಾಕಿದ ಹೊಲಿಗೆ ತಾನೇ ಕೊಯ್ದ. ಅಸ್ತರ ಹಚ್ಚುವಾಗ ಅಂಚು ಬಿಟ್ಟು ಬೇರೇನನ್ನೂ ಅವನು ನೋಡಿರಲಿಲ್ಲ. ಝೂಲದ ಬೆನ್ನು ಕಂಡಿತು. ಬೆನ್ನಿಗೆ ನಾಚಿಕೆ ಇರುವುದಿಲ್ಲ, ಇದ್ದದ್ದೆಲ್ಲ ತೋರಿಸುತ್ತದೆ. ದಂಟಿನ ಹಿಂದೆ, ದಾರದ ದಾರಿ ಹಿಡಿದು, ಒಂದು ಕಾಲು ನಿಂತಿತ್ತು. ತೊಡೆ, ಮೊಣಕಾಲು, ಗೊರಸು, ಎಲ್ಲ ಸರಿಯಾಗಿ. ಜಾಗವಷ್ಟೇ ತಪ್ಪು.

ಮುಬಿನಳಿಗೆ ತಟ್ಟನೆ ಹೊಳೆಯಿತು. "ಕಾಕಾ ಮುಂಗಾಲು ಕಾಪಿ ಮಾಡಿ ಇಡೂ ಮುಂದ ಒಂದು ನಡುವ ಬಿದ್ದೈತಿ. ಅದನ್ನ ಅಳಿಸಿಲ್ಲ. ಅದರ ಮ್ಯಾಲ ದಂಟು ಹಾಕಿ ಮುಚ್ಚ್ಯಾರ! ಈ ಫೈಲು ಕಡೀಕ ಹಾಕಿದ ಬಣ್ಣ ಮೊದಲು ಇಟ್ಟೈತಿ. ನಾ ಇದ್ದಂಗ ಓದಿದ್ದಕ್ಕ ದಂಟು ಕೆಳಗ ಹೋತು, ಕಾಲು ಮ್ಯಾಲ ಬಂತು. ನೀವು ಬಿಳಿ ಮೊದಲು ಅಂದಾಗ ನಾ ಕೇಳಬೇಕಿತ್ತು."

"ನಾನೂ ಗಟ್ಟಿಯಾಗಿ ಹೇಳಬೇಕಿತ್ತು" ಎಂದಳು ಸುವರ್ಣಾ.

ಅಷ್ಟು ಹೇಳಿ ದಂಟನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಬಿಳಿ ಎತ್ತು, ಬಿಳಿ ಜೋಳ. ಎಷ್ಟು ವಿಚಾರ ಮಾಡಿ ಹಾಕ್ಯಾನ. ಮಂದಿ ಹೊಗಳಿದಾಗ ತಲೆ ತಗ್ಗಿಸಿದ ಗಂಡ ಕಣ್ಣ ಮುಂದೆ ಬಂದ. ವಿನಯವಂತೆ! ಭುಜ ಅಲುಗಿದವು. ಅಳುತ್ತಾಳೆ ಎಂದು ಕಾಸಿಂಸಾಬ ನೀರು ತರಲು ಎದ್ದ. ಅಳು ಅಲ್ಲ. ಸುವರ್ಣಾ ನಗುತ್ತಿದ್ದಳು. ಬಾಯಿಗೆ ಸೆರಗು ತುರುಕಿದರೂ ನಿಲ್ಲಲಿಲ್ಲ. ಶ್ರಾವಣದಿಂದ ಆಚೆ ಆ ಖೋಲಿಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ರೇವಪ್ಪ ಹೆದರಿ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ಮುಂದನೂ ಮುಚ್ಚಿದ್ನಲ್ಲೇ, ಮೂಳ!" ಎಂದಳು. ಸತ್ತವನನ್ನು ಹಾಗೆ ಬಯ್ಯಬಾರದು. ಬಯ್ದಳು. ಆಗ ಸ್ವಲ್ಪ ಅಳುವೂ ಬಂತು. ಅದೂ ಸೆರಗಿನಲ್ಲೇ ಮುಗಿಯಿತು.

ಮುಬಿನ ಕಂಪ್ಯೂಟರಿನ ಮುಂದೆ ಕುಳಿತು ಬಣ್ಣಗಳ ಸಾಲು ತಿರುವು ಮುರುವು ಮಾಡಿದಳು. ಬಿಳಿ ಮೊದಲಿಗೆ ಬಂತು, ಹಸಿರು ಕಟ್ಟಕಡೆಗೆ ಹೋಯಿತು. ಕೈ ನಿಲ್ಲಿಸಿ ತಿರುಗಿದಳು.

"ಕಾಕೂ, ಆ ಕಾಲು ತಗದುಬಿಡ್ಲೇನು? ಒಂದ ಸಲ ಒತ್ತಿದ್ರ ಹೋಗ್ತೈತಿ. ಮಷೀನಿಗಿ ಕೆಲಸಾನೂ ಕಡಿಮಿ."

"ಬ್ಯಾಡ."

"ಯಾರಿಗೂ ಕಾಣಂಗಿಲ್ರಿ ಅದು."

"ಕಾಲಿಲ್ದ ಹೊಲದ್ರ ದಂಟು ಚಪ್ಪಟಿ ಬೀಳ್ತೈತಿ. ಗೌಡರ ಹಳೇದಕ್ಕ ಜೋಡಿ ಆಗಂಗಿಲ್ಲ." ಸುವರ್ಣಾ ದಾರದ ಡಬ್ಬಿ ಹುಡುಕುತ್ತ ಬೆನ್ನು ತಿರುಗಿಸಿದಳು. "ಇರಲಿ. ಅವರು ಇಟ್ಟಲ್ಲೇ ಇರಲಿ. ಮ್ಯಾಲ ದಂಟು ಹಚ್ಚು."

ಮಖಮಲ್ಲು ಏರಿತು. ಮೊದಲು ಬಿಳಿ. ಬೆನ್ನು, ಇಣಿ, ನಾಲ್ಕು ಕಾಲು, ಐದನೆಯ ಕಾಲು. ಅದು ಮೂಡುವಾಗ ಸುವರ್ಣಾ ಹತ್ತಿರ ಬಗ್ಗಿ ನೋಡಿದಳು. ಆಮೇಲೆ ಕಪ್ಪು. ಕಡೆಗೆ ಹಸಿರು ರೀ​ಲು ಹಾಕಿದಳು, ಜೋಳ ಬೆಳೆದು ಕಾಲನ್ನು ಮುಚ್ಚಿತು.

ಗೌಡರು ಬಂದು ಎರಡೂ ಝೂಲ ಮಗ್ಗುಲು ಮಗ್ಗುಲು ಹಾಸಿದರು. ಕಣ್ಣು ಕಿರಿದು ಮಾಡಿದರು, ದೂರ ನಿಂತರು, ಹತ್ತಿರ ಬಂದರು. ದಂಟಿನ ಮೇಲೆ ಹೆಬ್ಬೆರಳು ಒತ್ತಿದರು.

"ಅದ ಉಬ್ಬು! ಖಂಡೆಪ್ಪನ ಕೈಗುಣ ನಿನಗ ಬಂದೈತಿ ತಂಗೀ. ಹೆಂಗ ಬರ್ತೈತಿ ಇದು?"

"ಒಳಗ ಆಧಾರ ಇರ್ತೈತ್ರಿ" ಎಂದಳು ಸುವರ್ಣಾ. ಮುಬಿನ ಹೊರಗೆ ಓಡಿದಳು, ನಗು ತಡೆಯಲಾಗದೆ.

ಕಾರಹುಣ್ಣಿಮೆಯಂದು ದೇವಣಗಾಂವದಲ್ಲಿ ಮುಂದೆ ಬಂದದ್ದು ಯಾರದೋ ಕೆಂದೆತ್ತು. ಗೌಡರ ಬಿಳಿ ಜೋಡಿ ನಡುವೆ ಎಲ್ಲೋ ನಡೆದು ಬಂತಂತೆ, ಮದುಮಕ್ಕಳ ಹಾಗೆ, ಅವಸರವಿಲ್ಲದೆ. ಝೂಲ ನೋಡಿದವರು ಎತ್ತು ಸೋತದ್ದನ್ನು ಆಡಿಕೊಳ್ಳಲಿಲ್ಲ. ಗೌಡರಿಗೆ ಅಷ್ಟು ಸಾಕಾಯಿತು.

ಮುದ್ದೇಬಿಹಾಳದವನಿಗೆ ರೇವಪ್ಪನೇ ಬರಬೇಡ ಎಂದು ಹೇಳಿದ. ಖೋಲಿಯ ಮುಂದಿನ ಕಟ್ಟೆಗೆ ಸುವರ್ಣಾ ಒಂದು ಗೋಣಿತಟ್ಟು ಕಟ್ಟಿಸಿ ಮೈದುನನಿಗೆ ನೆರಳು ಮಾಡಿಕೊಟ್ಟಳು. "ಇಲ್ಲಿ ಕುಂದ್ರು. ಒಳಗ ಬಂದ್ರ ಕಾಲು ಮುರೀತೇನಿ" ಎಂದಳು.

ಪೆನ್‌ಡ್ರೈವಿನಲ್ಲಿ ಖಂಡೆಪ್ಪನ ಫೈಲುಗಳು ಇನ್ನೂ ಬಹಳ ಇದ್ದವು. ಬೀಗ ತೆರೆಯುವುದು ಈಗ ಗೊತ್ತಾಗಿತ್ತು, ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಬದಲಿಸಿ ಕೊಡುತ್ತೇನೆ ಎಂದಳು ಮುಬಿನ. ಒಂದು ಗುಲಾಬಿ ತೆರೆದು ತೋರಿಸಿದಳು. ಗುಲಾಬಿಯ ಕೆಳಗೆ ಆನೆಯ ಸೊಂಡಿಲು ಇತ್ತು. ಸುವರ್ಣಾ ಬಹಳ ಹೊತ್ತು ನೋಡಿದಳು.

"ಎಲ್ಲಾ ಒಮ್ಮೆಲೆ ಬಿಚ್ಚಬ್ಯಾಡವಾ. ವಾರಕ್ಕೊಂದು ಸಾಕು."

ಪೆನ್‌ಡ್ರೈವ್ ಮತ್ತೆ ಜೀರಿಗೆಗೆ ಹೋಯಿತು.

ಅಂಗಡಿಯ ಗೋಡೆಯ ಕ್ಯಾಲೆಂಡರುಗಳು ಆ ಮಳೆಗಾಲಕ್ಕೆ ನೆನೆದು ಉದುರಿದವು. ತೂತು ಕಂಡಿತು. ಸಿಮೆಂಟು ತರುತ್ತೇನೆ ಎಂದ ರೇವಪ್ಪ. ಸುವರ್ಣಾ ಬೇಡ ಎಂದಳು. ಧೋತರದ ನಡುಭಾಗ ಕತ್ತರಿಸಿ, ಅಂಚು ಮಡಚಿ ಹೊಲಿದು, ತೂತಿನ ಮೇಲೆ ಮೊಳೆ ಹೊಡೆದು ಹಚ್ಚಿದಳು.

ರೇವಪ್ಪ ಕಟ್ಟೆಯಿಂದ ಕುತ್ತಿಗೆ ಚಾಚಿ ನೋಡಿದ. "ಐದು ಕಾಲಿಂದ ಹಾಕೀರಲ್ರಿ ವೈನಿ. ಬಂದವರು ಏನಂತಾರ?"

"ಕೇಳಿದ್ರ ಹೇಳು. ನಾಕು ಎತ್ತಿನವು. ಐದನೇದು ನಿಮ್ಮಣ್ಣಂದು."